ಹಲಸಿನ ಬಾಗಿಲಿನ ಎಡತೋಳು

"ಅಮ್ಮಾ, ಮರಾನ ಕಡಿದು ಮಲಗಿಸಿದ ಮೇಲೂ ಅದರ ಕಾಲು ಯಾವುದು, ತಲೆ ಯಾವುದು ಅಂತ ಫಕೀರೇಶ್ ಅಂಕಲ್‌ಗೆ ಹೇಗೆ ಗೊತ್ತಾಗತ್ತೆ?"

ರಕ್ಷಾ ಇದನ್ನು ಕೇಳಿದ್ದು ಸೋಮವಾರ ಬೆಳಿಗ್ಗೆ, ಒಂದು ಕಾಲಿಗೆ ಸಾಕ್ಸ್ ಹಾಕಿಸಿಕೊಂಡು ಇನ್ನೊಂದು ಕಾಲನ್ನು ಕೈಗೆ ಕೊಡದೆ ಆಡಿಸುತ್ತಿದ್ದಾಗ. ನನಗೆ ಉತ್ತರ ಗೊತ್ತಿರಲಿಲ್ಲ. ಸ್ಕೂಲಿಗೆ ಲೇಟಾಗುತ್ತಿತ್ತು. "ಸಾಯಂಕಾಲ ಅವರನ್ನೇ ಕೇಳು" ಅಂದೆ. ಇವಳು ಹೋಂವರ್ಕ್ ಮರೀತಾಳೆ, ಇಂಥದ್ದನ್ನು ಮರೆಯುವುದಿಲ್ಲ.

ಫಕೀರೇಶ ಬಡಿಗೇರ ಅವರು ಶಿರಹಟ್ಟಿ ಕಡೆಯವರು. ವಯಸ್ಸು ಐವತ್ತರ ಆಸುಪಾಸು. ಸರಿಯಾಗಿ ಅವರಿಗೂ ಗೊತ್ತಿಲ್ಲ, ಆಧಾರ್ ಕಾರ್ಡಿನಲ್ಲಿರುವುದು ಶಾಲೆ ಮಾಸ್ತರರು ಅಂದಾಜಿಗೆ ಬರೆದ ತಾರೀಕು. ಎತ್ತರದ ಮನುಷ್ಯ, ಸ್ವಲ್ಪ ಬಗ್ಗಿ ನಡೆಯುತ್ತಾರೆ. ಬಲಗಿವಿಯ ಮೇಲೆ ಪೆನ್ಸಿಲ್, ಕೊರಳಲ್ಲಿ ದಾರ ಕಟ್ಟಿದ ಕನ್ನಡಕ. ಮೂಡಲಪಾಳ್ಯದ ನಮ್ಮ ರಸ್ತೆಯ ಕೊನೆಯಲ್ಲಿ ಯಾರದೋ ಖಾಲಿ ಸೈಟಿನಲ್ಲಿ ತಗಡಿನ ಶೆಡ್ ಹಾಕಿಕೊಂಡು, ಅವರೂ ಅವರ ಜೊತೆಗಾರ ರುದ್ರೇಶನೂ ಕೆಲಸ ಮಾಡುತ್ತಾರೆ. ಕೆಲಸ ಅಂದರೆ ಬಹುಪಾಲು ಪ್ಲೈವುಡ್: ಅಡುಗೆಮನೆ ಕ್ಯಾಬಿನೆಟ್ಟು, ವಾರ್ಡ್‌ರೋಬು, ಟಿವಿ ಇಡುವ ಗೋಡೆ. ಮೆಷಿನ್ನಲ್ಲಿ ಕೊಯ್ಯುವುದು, ಸ್ಕ್ರೂ ಹಾಕುವುದು, ಮೇಲೆ ಬಣ್ಣದ ಹಾಳೆ ಅಂಟಿಸುವುದು.

"ಪ್ಲೈವುಡ್‌ಗ ಬುಡಾನೂ ಇಲ್ಲ, ತುದೀನೂ ಇಲ್ರೀ ಅಕ್ಕಾರ" ಅಂತ ಒಮ್ಮೆ ನನಗೆ ಹೇಳಿದ್ದರು. "ಹೆಂಗ ನಿಂದ್ರಿಸಿದ್ರೂ ತಪ್ಪಿಲ್ಲ. ಅದಕ್ಕ ಅದರಾಗ ಕೆಲಸ ಮಾಡಿ ಮನಿಗೆ ಹ್ವಾದ್ರ, ಏನು ಮಾಡೀನಿ ಅಂತ ನೆನಪಾಗಂಗಿಲ್ಲ."

ಅವರ ಅಪ್ಪ ಊರಲ್ಲಿ ಕೂರಿಗೆ, ಕುಂಟೆ, ಬಂಡಿ ಗಾಲಿ ಮಾಡುತ್ತಿದ್ದವರು. ಕಬ್ಬಿಣದ ಕೂರಿಗೆ ಬಂದ ಮೇಲೆ ಅವರ ಪಾಲಿಗೆ ಬಾಗಿಲು, ತೊಟ್ಟಿಲು ಮಾತ್ರ ಉಳಿಯಿತು. ಅಷ್ಟಕ್ಕೆ ಇಬ್ಬರು ಬೇಕಿರಲಿಲ್ಲ. ಫಕೀರೇಶ್ ಬೆಂಗಳೂರಿಗೆ ಬಂದು ಮೊದಲು ಮಾಡಿದ್ದು ಸೆಂಟ್ರಿಂಗ್. ನಾಯಂಡಹಳ್ಳಿ ಕಡೆ ಅಪಾರ್ಟ್‌ಮೆಂಟುಗಳು ಏಳುತ್ತಿದ್ದ ಕಾಲ. ಕಾಂಕ್ರೀಟ್ ಸುರಿಯುವುದಕ್ಕೆ ಹಲಗೆ ಹೊಡೆಯುವುದು, ಕಾಂಕ್ರೀಟ್ ಗಟ್ಟಿಯಾದ ಮೇಲೆ ಅದನ್ನೇ ಕೀಳುವುದು. "ಆಗ ನಾ ಮಾಡಿದ್ದೆಲ್ಲಾ ನಾನ ಕಿತ್ತೀನಿ" ಅಂತ ನಗುತ್ತಾರೆ. ಆಮೇಲೆ ಪ್ಲೈವುಡ್. ಹೆಂಡತಿ ಹೊನ್ನವ್ವ ಗಾರ್ಮೆಂಟ್ಸ್‌ಗೆ ಹೋಗುತ್ತಾರೆ. ರಜಾ ದಿನ ಬುತ್ತಿ ತಂದುಕೊಟ್ಟು ಶೆಡ್ಡಿನ ಬಾಗಿಲಲ್ಲಿ ನಿಂತು, "ಊರ ಮಂದಿ ಮನಿಗೆಲ್ಲಾ ಮಾಡ್ತಾರ. ನಮ್ಮ ಮನ್ಯಾಗಿನ ಕುರ್ಚಿ ಕಾಲು ಅಳ್ಳಾಡಾಕತ್ತು ಮೂರು ದೀಪಾವಳಿ ಆತು" ಅಂತ ಕೇಳಿಸುವಂತೆ ಹೇಳಿ ಹೋಗುತ್ತಾರೆ.

ನಮಗೆ ಅವರ ಪರಿಚಯ ಆಗಿದ್ದು ಬೋರಮ್ಮಜ್ಜಿಯ ಹಲಸಿನ ಮರದಿಂದ.

ಬೋರಮ್ಮಜ್ಜಿ ನಮ್ಮ ಮನೆ ಓನರ್. ಕೆಳಗೆ ಅವರು, ಅವರ ಮಗ ಸಂಪತ್, ಸೊಸೆ. ಮಹಡಿಯಲ್ಲಿ ಬಾಡಿಗೆಗೆ ನಾವು. ಮೂಡಲಪಾಳ್ಯದ ಸುತ್ತ ರಾಗಿ ಹೊಲ ಇದ್ದಾಗಿನಿಂದ ಇಲ್ಲಿರುವವರು. ಪಕ್ಕದ ಅವರದೇ ಸೈಟಿನಲ್ಲಿದ್ದ ಹಲಸಿನ ಮರ, ಅಜ್ಜಿ ಮದುವೆಯಾಗಿ ಬಂದ ವರ್ಷ ತಾವೇ ಬೀಜ ಹಾಕಿ ಬೆಳೆಸಿದ್ದು. ಅಲ್ಲಿ ಹೊಸ ಮನೆ ಕಟ್ಟಬೇಕಾದಾಗ ಮರ ತೆಗೆಯಲೇಬೇಕಾಯಿತು. ಅಜ್ಜಿ ಅಳಲಿಲ್ಲ, ಜಗಳವನ್ನೂ ಮಾಡಲಿಲ್ಲ. ಒಂದೇ ಷರತ್ತು ಹಾಕಿದರು: ಹೊಸ ಮನೆಯ ತಲೆಬಾಗಿಲು ಆ ಮರದ್ದೇ ಆಗಬೇಕು. ರೆಡಿಮೇಡ್ ಪ್ಲೈವುಡ್ ಬಾಗಿಲು ತರುತ್ತೀನಿ ಅಂದ ಸಂಪತ್ ಎರಡು ದಿನ ಅಜ್ಜಿಯ ಕೈಯಲ್ಲಿ ಊಟ ಕಾಣಲಿಲ್ಲ.

ಹೀಗೆ ಕೆಲಸ ಫಕೀರೇಶ್‌ಗೆ ಬಂತು. ಬೆಂಗಳೂರಿಗೆ ಬಂದ ಮೇಲೆ ಅವರು ಗಟ್ಟಿ ಮರದಲ್ಲಿ ಮಾಡುತ್ತಿದ್ದ ಮೊದಲ ತಲೆಬಾಗಿಲು ಇದು. ದಿಮ್ಮಿಗಳನ್ನು ಟೆಂಪೋದಲ್ಲಿ ಹಾಕಿಸಿ, ನಾಯಂಡಹಳ್ಳಿಯ ಮಿಲ್ಲಿಗೆ ತಾವೇ ಜೊತೆಗೆ ಹೋಗಿ ಕೊಯ್ಸಿಕೊಂಡು ಬಂದರು. ಹಸಿ ಹಲಸು ಅರಿಶಿನದಷ್ಟು ಹಳದಿ ಇರುತ್ತದೆ ಅಂತ ನನಗೆ ಗೊತ್ತಿರಲಿಲ್ಲ. ಕೊಯ್ದ ತುಂಡುಗಳನ್ನು ನಮ್ಮ ಮೆಟ್ಟಿಲ ಕೆಳಗೆ ಸಾಲಾಗಿ ಜೋಡಿಸಿ, ಗಾಳಿಯಾಡಲಿ ಅಂತ ನಡುನಡುವೆ ಪಟ್ಟಿ ಇಟ್ಟು, ತುದಿಗಳು ಬೇಗ ಒಣಗಿ ಸೀಳದ ಹಾಗೆ ಬಣ್ಣ ಬಳಿದರು. ಎರಡು ಮಳೆಗಾಲ ಅವು ಅಲ್ಲೇ ಮಲಗಿದ್ದವು. ಭಾನುವಾರಗಳಲ್ಲಿ ಬಂದು ಮೇಲಿನದನ್ನು ಕೆಳಗೆ, ಕೆಳಗಿನದನ್ನು ಮೇಲೆ ಹಾಕಿ, ನಮ್ಮ ಮನೆಯಲ್ಲಿ ಒಂದು ಲೋಟ ನೀರು ಕುಡಿದು ಹೋಗುತ್ತಿದ್ದರು. ರಕ್ಷಾ ಅವರಿಗೆ ಅಂಟಿಕೊಂಡದ್ದು ಆ ಭಾನುವಾರಗಳಲ್ಲಿ.

ಪ್ರತಿ ತುಂಡಿನ ಒಂದು ತುದಿಗೆ ಮಾತ್ರ ಕೆಂಪು ಬೊಟ್ಟು ಇತ್ತು. ರಕ್ಷಾಗೆ ಅದು ಕುಂಕುಮ. ನಿಜಕ್ಕೂ ಅದು ಬುಡದ ಗುರುತು, ಮರ ನಿಂತಿದ್ದಾಗ ನೆಲದ ಕಡೆಗಿದ್ದ ತುದಿ. ಬಾಗಿಲ ಚೌಕಟ್ಟಿನ ಎರಡು ನಿಲುವುಗಳಿಗೆ ತೋಳು ಅನ್ನುತ್ತಾರೆ. ಮರ ಹೇಗೆ ನಿಂತಿತ್ತೋ ತೋಳೂ ಹಾಗೇ ನಿಲ್ಲಬೇಕು, ಬುಡ ಹೊಸ್ತಿಲಿಗೆ, ತುದಿ ಮೇಲಕ್ಕೆ. ಅವರ ಅಪ್ಪ ಕಲಿಸಿದ ಮೊದಲ ಪಾಠವೇ ಅದಂತೆ. ಉಳಿ ಹಿಡಿಯುವುದು ಎರಡನೆಯದು.

ಸಂಕ್ರಾಂತಿ ಕಳೆದ ವಾರ ಚೌಕಟ್ಟು ತಯಾರಾಯಿತು. ಕೆಳಗೆ ಹೊಸ್ತಿಲು, ಮೇಲೆ ಅಡ್ಡಪಟ್ಟಿ, ಎರಡು ಪಕ್ಕ ಎರಡು ತೋಳು. ಒಂದರಲ್ಲಿ ತೂತು ಕೊರೆದು, ಇನ್ನೊಂದರಲ್ಲಿ ಆ ತೂತಿಗೆ ಸರಿಯಾಗಿ ಕೂರುವ ನಾಲಿಗೆ ಬಿಟ್ಟು, ಕೊಡತಿಯಲ್ಲಿ ಬಡಿದು ಕೂಡಿಸಿ, ಅಡ್ಡಕ್ಕೆ ಬಿದಿರಿನ ಗೂಟ ಹೊಡೆದಿದ್ದರು. ಅಂಟು ಹಾಕಿರಲಿಲ್ಲ. ರುದ್ರೇಶ ಅಂಟಿನ ಡಬ್ಬಿ ತೆರೆದು ಹಿಡಿದುಕೊಂಡೇ ನಿಂತಿದ್ದ, ಇವರು ಮುಚ್ಚಳ ಮುಚ್ಚಿಸಿದರು. ಶುಕ್ರವಾರ ಬಾಗಿಲು ಇಡುವ ಪೂಜೆ. ಸಂಪತ್ ಅವರ ಮಾವನ ಕಡೆಯವರು ಆರ್‌ಪಿಸಿ ಲೇಔಟ್‌ನಲ್ಲಿ ಹಳೇ ಮನೆ ಬೀಳಿಸಿ ಕಟ್ಟುತ್ತಿದ್ದಾರೆ, ಅವರಲ್ಲೂ ಹಳೇ ತೊಲೆಗಳಿವೆ. ಈ ಬಾಗಿಲು ನೋಡಿ ತಮ್ಮ ಮನೆಯ ಕೆಲಸ ಕೊಡುವ ಮಾತಾಡುತ್ತೀವಿ ಅಂದಿದ್ದರು. ಫಕೀರೇಶ್ ಅದನ್ನು ನನ್ನ ಹತ್ತಿರ ಎರಡು ಸಲ ಹೇಳಿದ್ದರು. ಒಂದೇ ಮಾತನ್ನು ಎರಡು ಸಲ ಹೇಳುವ ಪೈಕಿ ಅಲ್ಲ ಅವರು.

ಸೋಮವಾರ ಸಾಯಂಕಾಲ ರಕ್ಷಾ ಬ್ಯಾಗ್ ಬಿಸಾಕಿ ಪಕ್ಕದ ಹೊಸ ಮನೆಗೆ ಓಡಿದಳು. ಹಿಂದೆ ಹಾರ್ಲಿಕ್ಸ್ ಲೋಟ ಹಿಡಿದು ನಾನು. ಚೌಕಟ್ಟು ಒಳಗೆ ಗೋಡೆಗೆ ಒರಗಿ ನಿಂತಿತ್ತು. ಅವತ್ತೇ ಮಧ್ಯಾಹ್ನ ಅದಕ್ಕೆ ಎಣ್ಣೆ ಒರೆಸಿದ್ದರಿಂದ ಮರದ ಎಳೆಗಳೆಲ್ಲ ಎದ್ದು ಕಾಣುತ್ತಿದ್ದವು.

"ಕಾಲು ಯಾವುದು ಅಂತ ಕೇಳ್ತೀ ಏನವ್ವಾ? ಬಾ ಇಲ್ಲಿ." ಬಲಗಡೆಯ ತೋಳಿನ ಮೇಲೆ ಅವಳ ಬೆರಳು ಹಿಡಿದು ಇಟ್ಟರು. "ಇದು ಗಂಟು. ಇಲ್ಲೊಂದು ಟೊಂಗಿ ಇತ್ತು. ಟೊಂಗಿ ಯಾವ ಕಡಿ ಬೆಳೀತದ?"

"ಮೇಲೆ!"

"ಶಾಣ್ಯಾಕಿ. ಮರದ ತಿರುಳು ಈ ಕಡಿ, ತೊಗಟಿ ಆ ಕಡಿ. ತಿರುಳಿನಿಂದ ತೊಗಟಿ ಕಡಿ ಹೋಗೂ ಮುಂದ ಗಂಟು ಮ್ಯಾಲಕ್ಕ ಓರಿ ಆಗಿರ್ತದ. ಮ್ಯಾಲ ಹೊಂಟದ್ದು ತಲಿ, ಉಳಿದದ್ದು ಕಾಲು. ಈಗ ಆ ತೋಳಿನಾಗ ನೀನ ಒಂದು ಗಂಟು ಹುಡುಕು ನೋಡೂಣು."

ರಕ್ಷಾ ಎಡಗಡೆಯ ತೋಳನ್ನು ಕೆಳಗಿನಿಂದ ಸವರಿಕೊಂಡು ಹೋಗಿ ತನ್ನ ಹೆಗಲ ಎತ್ತರದಲ್ಲಿ ನಿಂತಳು. ಹೆಬ್ಬೆರಳ ಉಗುರಿನಷ್ಟು ಗಂಟು. "ಸಿಕ್ತು! ಅಂಕಲ್, ಇದು ಜಾರುಬಂಡೆ ಥರ ಕೆಳಗೆ ಹೋಗಿದೆ."

ಅವರು ನಗುತ್ತಲೇ ಬಗ್ಗಿದರು. ಕನ್ನಡಕ ಏರಿಸಿಕೊಂಡರು. ತೋಳಿನ ಆ ಮುಖ ನೋಡಿ, ಪಕ್ಕದ ಮುಖ ನೋಡಿ, ಮತ್ತೆ ಗಂಟಿಗೇ ಬಂದರು. ನಗು ಯಾವಾಗ ನಿಂತಿತೋ ಗೊತ್ತಾಗಲಿಲ್ಲ.

"ಹಾಲು ಕುಡಿ ಹೋಗವ್ವಾ" ಅಂದರು.

ಆಗಿದ್ದು ಇಷ್ಟು. ಎಡತೋಳಿನ ಬುಡದ ತುದಿ ಸ್ವಲ್ಪ ಸೀಳಿತ್ತು. ಸೀಳಿದಷ್ಟನ್ನು ಕೊಯ್ದು ತೆಗೆದಾಗ ಕೆಂಪು ಬೊಟ್ಟೂ ಅದರ ಜೊತೆಗೇ ಹೋಯಿತು. ಕೊಯ್ದ ತಕ್ಷಣ ಹೊಸದಾಗಿ ಗುರುತು ಹಾಕಬೇಕು. ಇವರು ತುಂಡನ್ನು ಇನ್ನೊಂದು ತುದಿ ನೋಡಲು ತಿರುಗಿಸಿಟ್ಟು, ಚಹಾ ಬಂತು ಅಂತ ಎದ್ದು ಹೋಗಿ, ಬಂದ ಮೇಲೆ ಬೊಟ್ಟು ಇಟ್ಟರು. ಬೊಟ್ಟು ಬುಡಕ್ಕಲ್ಲ, ಮರದ ತಲೆಯ ಕಡೆಗೆ ಬಿತ್ತು. ಆಮೇಲೆ ಬೊಟ್ಟನ್ನು ನಂಬಿ ಕೆಲಸ ಮಾಡಿದರು. ಮರವನ್ನು ನೋಡಲಿಲ್ಲ.

"ತಲೆಕೆಳಗಾದರೆ ಏನಾಗತ್ತೆ?" ಅಂತ ಕೇಳಿದೆ.

"ಗೊತ್ತಿಲ್ರಿ. ನಮ್ಮಪ್ಪನೂ ಹೇಳಲಿಲ್ಲ. ಹಂಗ ಇಟ್ಟ ಮನೀನ ನಾ ನೋಡಿಲ್ಲ."

ರುದ್ರೇಶ ಹೊರಗೆ ಬೈಕಿನ ಮೇಲೆ ಕೂತು ಎಲ್ಲ ಕೇಳಿಸಿಕೊಂಡಿದ್ದ. "ಅಣ್ಣಾ, ಕಟ್ಟಿಗಿಗೇನು ತಲಿ ತಿರುಗ್ತದೇನು? ಪಾಲಿಶ್ ಹೊಡೀತೀವಿ, ಅರಿಶಿಣ ಕುಂಕುಮ ಹಚ್ತಾರ, ತೋರಣ ಕಟ್ತಾರ. ಯಾರು ನೋಡ್ತಾರ?"

"ನಾ ನೋಡೀನಲ್ಲ."

"ನೀ ಏನು ಆ ಮನ್ಯಾಗ ಇರಾವೇನು?"

ಫಕೀರೇಶ್ ಕೈ ಒರೆಸಿಕೊಂಡು ಸೀದಾ ಅಜ್ಜಿಯ ಜಗಲಿಗೆ ನಡೆದರು. ನಾನೂ ಅಲ್ಲಿಗೇ ಹೋಗಬೇಕಿತ್ತು. ಅಜ್ಜಿ ಮಧ್ಯಾಹ್ನವೇ ಅವರೆಕಾಯಿ ಬಿಡಿಸಲು ಕರೆದಿದ್ದರು.

ಅಜ್ಜಿ ಮೊರ ಮುಂದಿಟ್ಟುಕೊಂಡು ಕಾಲು ಚಾಚಿ ಕುರ್ಚಿಯಲ್ಲಿ ಕೂತಿದ್ದರು. ಹೋದ ವರ್ಷ ಬಚ್ಚಲಲ್ಲಿ ಬಿದ್ದು ಸೊಂಟದ ಆಪರೇಷನ್ ಆದಮೇಲೆ ನೆಲದ ಮೇಲೆ ಕೂರುವುದಿಲ್ಲ. "ಏನಪ್ಪಾ ಫಕೀರಪ್ಪ, ಮೊಕ ಯಾಕೆ ಹಂಗೈತೆ? ಹೊನ್ನವ್ವ ಬುತ್ತಿ ಕಳಿಸಿಲ್ವಾ?"

"ಅಜ್ಜಿ, ಒಂದು ತಪ್ಪಾಗೇತ್ರಿ. ಎಡಗಡಿ ತೋಳು ತಲಿಕೆಳಗ ನಿಂತೈತಿ. ಬುಡ ಮ್ಯಾಲ, ತುದಿ ಹೊಸ್ತಿಲಕ್ಕ. ಶುಕ್ರವಾರ ಅದನ್ನ ನಾ ನಿಂದ್ರಸಾಂಗಿಲ್ರಿ."

ಆಗಷ್ಟೇ ಗೇಟು ತೆಗೆದು ಒಳಗೆ ಬಂದ ಸಂಪತ್‌ಗೆ ಮೊದಲ ಅರ್ಧ ಕೇಳಿಸಿರಲಿಲ್ಲ. ಎರಡನೇ ಸಲ ಹೇಳಿದ ಮೇಲೆ, "ಅಷ್ಟೇನಾ? ನಾನು ಬಾಗ್ಲೇ ಸೀಳ್ತೇನೋ ಅಂದ್ಕೊಂಡೆ. ಬಿಡಿ ಫಕೀರೇಶಣ್ಣ, ಯಾರಿಗ್ ಗೊತ್ತಾಗತ್ತೆ?"

"ನೀನ್ ಸುಮ್ಕಿರ್ಲಾ" ಅಂದರು ಅಜ್ಜಿ. "ಪ್ಲೈವುಡ್ ತತ್ತೀನಿ ಅಂದವ್ನು ನೀನು." ಆಮೇಲೆ ಫಕೀರೇಶ್ ಕಡೆ ತಿರುಗಿ, "ಕಿತ್ತು ತಿರುಗ್ಸಿ ನಿಲ್ಸಕ್ಕಾಗಕಿಲ್ವಾ?"

"ಇಲ್ರಿ. ಬಾಗಲಾ ಕೂಡಾಕ ತೋಳಿನ ಒಂದು ಮಗ್ಗಲಕ್ಕ ಮೆಟ್ಟು ಕೊರದೈತಿ. ತಿರುಗಿಸಿದ್ರ ಆ ಮೆಟ್ಟು ಹಿಂದ ಹೋಗ್ತದ."

"ಬೇರೆ ತೋಳು?"

"ಆ ಮರದ್ದು ಅಷ್ಟು ಉದ್ದಂದು ಇನ್ನೊಂದಿಲ್ಲ. ಎರಡು ಮೋಟು ತುಂಡು ಅದಾವು, ನಿಮ್ಮ ಪೂಜಿ ಮಣಿಗಂತ ಇಟ್ಟಿದ್ದು. ಅವನ್ನ ಉದ್ದಕ್ಕ ಕೂಡಿಸಿದ್ರ ಒಂದು ತೋಳು ಆಗ್ತದ. ಬುಡ ಕೆಳಗ ಇರ್ತದ. ಆದ್ರ ನಡುವ ಸಂದು ಬರ್ತದ. ಬ್ಯಾಡ ಅಂದ್ರ ಮಿಲ್ಲಿನಿಂದ ತ್ಯಾಗದ್ದು ತಂದು ಮಾಡಿಕೊಡ್ತೀನಿ."

"ತೇಗ ನನ್ಗೆ ಏನಾಗ್ಬೇಕು?"

ಸಂಪತ್ ಹೆಲ್ಮೆಟ್ಟನ್ನು ಒಂದು ಕೈಯಿಂದ ಇನ್ನೊಂದಕ್ಕೆ ಬದಲಾಯಿಸಿದರು. "ಅಮ್ಮಾ, ತಲೆಬಾಗ್ಲಿಗೆ ತೇಪೆ ಹಾಕ್ಸೋದಾ? ನಮ್ಮ ಮಾವನ ಕಡೆಯೋರೆಲ್ಲ ಬರ್ತಾರೆ. ತಲೆಕೆಳಗಿರೋದು ಯಾರಿಗೂ ಕಾಣಲ್ಲ. ಜಾಯಿಂಟ್ ಎಲ್ಲರಿಗೂ ಕಾಣತ್ತೆ."

ಅದೂ ಸರಿಯಾದ ಮಾತೇ. ಒಂದೇ ತುಂಡಿನ ತೋಳು ತಲೆಕೆಳಗೆ, ಇಲ್ಲವೇ ಸಂದು ಹಾಕಿದ ತೋಳು ನೆಟ್ಟಗೆ. ಮೂರನೆಯದಿರಲಿಲ್ಲ. ಅಜ್ಜಿ ಒಂದು ಹಿಡಿ ಕಾಯಿ ಬಿಡಿಸಿ ಮುಗಿಸಿದರು.

"ಸಂದು ಗಟ್ಟಿಯಾಗಿ ನಿಂತ್ಕತದಾ?"

"ನಿಂದರ್ತದ್ರಿ. ಕಟ್ಟಿಗಿ ಒಣಗೇತಿ ಅಂತ ನನ್ನ ಲೆಕ್ಕ. ಒಂದು ಬ್ಯಾಸಗಿ ದಾಟಿದ್ರ ಆಮ್ಯಾಲ ಭಯ ಇಲ್ಲ."

ಅಜ್ಜಿ ತಮ್ಮ ಸೊಂಟ ತಟ್ಟಿಕೊಂಡರು. "ಇದ್ರೊಳಗೆ ರಾಡ್ ಇಕ್ಕವ್ರೆ. ತೇಪೆ ಹಾಕಿಸ್ಕಂಡು ನಾನ್ ಓಡಾಡ್ತಿಲ್ವಾ? ತಲೆಕೆಳಗೆ ನಿಲ್ಸಿದ್ರೆ ಒಂದ್ ಗಳಿಗೆ ನಿಲ್ತಿದ್ನಾ? ಸಂದು ಹಾಕು. ಮಣೆ ಇಲ್ದಿದ್ರೆ ಕಥೆ ಹೋಯ್ತು, ದೇವ್ರು ಚಾಪೆ ಮೇಲೆ ಕೂತ್ಕತಾನೆ."

ಫಕೀರೇಶ್ ಎದ್ದರು. ಅಜ್ಜಿ ಮುಗಿಸಿರಲಿಲ್ಲ. "ಬೀಗ್ರಿಗೆ ನಾನ್ ಹೇಳ್ಕತೀನಿ. ಆದ್ರೆ ನೋಡು, ಬೇಸ್ಗೇಲಿ ಅದು ಬಾಯ್ ಬುಟ್ರೆ, ಈ ಮೂಡಲಪಾಳ್ಯದಲ್ಲಿ ನಿನ್ ಕೈಲಿ ಒಂದ್ ಸೌಟೂ ಮಾಡ್ಸಕಿಲ್ಲ ನಾನು. ಮಾಡ್ಸಕ್ಕೂ ಬುಡಕಿಲ್ಲ."

ಮುಂದಿನ ಮೂರು ದಿನ ನಾನು ಬಟ್ಟೆ ಒಣಹಾಕುವಾಗೆಲ್ಲ ಬಾಲ್ಕನಿಯಿಂದ ನೋಡಿದ್ದು ಆ ಎರಡು ಮೋಟು ತುಂಡುಗಳನ್ನು. ಮೊದಲು ಗೂಟ ಹೊಡೆದು ತೆಗೆದು ಚೌಕಟ್ಟು ಬಿಚ್ಚಿದರು. ಅಂಟು ಹಾಕದಿದ್ದುದರಿಂದ ನಾಲಿಗೆಗಳು ತೂತುಗಳಿಂದ ಸಲೀಸಾಗಿ ಹೊರಗೆ ಬಂದವು. ರುದ್ರೇಶ ಅಂಟಿನ ಡಬ್ಬಿಯನ್ನು ಒಳಗೆ ಎತ್ತಿಟ್ಟ.

ಮೋಟು ತುಂಡುಗಳ ಒಂದು ಮುಖವನ್ನು ರಂದಾ ಹೊಡೆದು ಮೊದಲು ಸಮ ಮಾಡಿಕೊಂಡರು. ಆ ಮುಖದ ಮೇಲೆ ಮೂಲೆಮಟ್ಟ ಇಟ್ಟು ಪಕ್ಕದ ಮುಖ. ಆ ಎರಡರ ಅಳತೆಯಲ್ಲೇ ಉಳಿದೆರಡು. ಮೊದಲನೆಯದು ಸೊಟ್ಟಗಿದ್ದರೆ ಆಮೇಲಿನದ್ದೆಲ್ಲ ಸೊಟ್ಟ, ಅದಕ್ಕೆ ಅದೊಂದಕ್ಕೇ ಅರ್ಧ ದಿನ. ಬುಡದ ಗುರುತನ್ನು ಈ ಸಲ ಬಣ್ಣದಲ್ಲಿ ಹಾಕಲಿಲ್ಲ. ಉಳಿಯಲ್ಲಿ ಕಚ್ಚು ಹಾಕಿದರು, ಅದೂ ಎರಡೂ ತುಂಡಿನ ನಾಲ್ಕೂ ಮುಖದ ಮೇಲೆ. ಬಂದ ಚಹಾ ಲೋಟದಲ್ಲೇ ಆರಿಹೋಯಿತು.

ಆಮೇಲೆ ಸಂದು. ಎರಡೂ ತುಂಡಿನ ತುದಿಗಳನ್ನು ಮೊಣಕೈಯಷ್ಟು ಉದ್ದಕ್ಕೆ ಓರೆಯಾಗಿ ಕೊಯ್ದರು, ಓರೆಯ ನಡುವೆ ಒಂದೊಂದು ಮೆಟ್ಟಿಲು ಬಿಟ್ಟು. ಎರಡು ಕೈಗಳ ಬೆರಳು ಮಡಚಿ ಒಂದಕ್ಕೊಂದು ಕೊಂಡಿ ಹಾಕಿದರೆ ಹೇಗೋ ಹಾಗೆ ಅವು ಒಂದನ್ನೊಂದು ಹಿಡಿಯುತ್ತವೆ. ಮೆಟ್ಟಿಲುಗಳ ನಡುವೆ ಚಿಕ್ಕ ಚೌಕದ ತೂತು ಉಳಿಯುತ್ತದೆ. ಅದಕ್ಕೆ ಎದುರುಬದುರಿನಿಂದ ಎರಡು ಬೆಣೆ ಹೊಡೆದರೆ ಎರಡೂ ತುಂಡು ತಾವಾಗಿ ಬಿಗಿದುಕೊಳ್ಳುತ್ತವೆ. ಹೇಳುವುದಕ್ಕೆ ಇಷ್ಟೇ. ಮಾಡುವಾಗ ಒಂದು ಮುಖಕ್ಕೆ ನೀಲಿ ಪುಡಿ ಬಳಿದು ಕೂಡಿಸಿ, ಬಿಡಿಸಿ, ಇನ್ನೊಂದರ ಮೇಲೆ ಎಲ್ಲಿ ನೀಲಿ ಅಂಟಿದೆಯೋ ಅಲ್ಲಿ ಮಾತ್ರ ಉಳಿಯಿಂದ ಚೂರು ತೆಗೆದು, ಮತ್ತೆ ಕೂಡಿಸಬೇಕು. ಎಷ್ಟು ಸಲ ಮಾಡಿದರೋ ಲೆಕ್ಕವಿಲ್ಲ. ರಕ್ಷಾಳ ಯೂನಿಫಾರ್ಮಿಗೆ ಹತ್ತಿದ ನೀಲಿ ಇನ್ನೂ ಹೋಗಿಲ್ಲ.

"ಅಣ್ಣ ಈಗ ಬಡಿಗ್ಯಾ ಅಲ್ರೀ ಅಕ್ಕಾರ, ಎಲುಬಿನ ಡಾಕ್ಟ್ರು" ಅಂದ ರುದ್ರೇಶ, ನನ್ನ ಕಡೆ ನೋಡಿ. "ಅಜ್ಜಿಗೆ ಮಾಡಿದ ಡಾಕ್ಟ್ರು ಬಂದ್ರ ಕಲ್ತು ಹೋಗ್ಲಿ."

"ಬೆಣಿ ಹಿಡಕೋ. ಬಾಯಿ ಆಮ್ಯಾಲ ತಗಿ" ಅಂದರು ಫಕೀರೇಶ್.

ಸಂದು ಯಾವ ಎತ್ತರಕ್ಕೆ ಬರಬೇಕು ಅನ್ನುವುದಕ್ಕೂ ಅವರಲ್ಲಿ ವಿಚಾರ ಇತ್ತು. ಚಿಲಕ ಬರುವ ಜಾಗ ಬೇಡ, ಅಲ್ಲಿ ತೂತು ಹೆಚ್ಚು. ನೆಲದ ಹತ್ತಿರ ಬೇಡ, ಬಾಗಿಲು ತೊಳೆದ ನೀರು ಕುಡಿಯುತ್ತದೆ. ಕೊನೆಗೆ ಅದು ನಿಂತದ್ದು ಸುಮಾರು ರಕ್ಷಾಳ ಹೆಗಲ ಎತ್ತರಕ್ಕೆ. ಗುರುವಾರ ಮಧ್ಯಾಹ್ನ ಬೆಣೆ ಹೊಡೆದು, ಮಿಕ್ಕದ್ದನ್ನು ಕೊಯ್ದು, ರಂದಾ ಹೊಡೆದು, ಎಣ್ಣೆ ಒರೆಸಿದ ಮೇಲೆ ಓರೆಯಾಗಿ ಒಂದು ಗೆರೆ ಉಳಿಯಿತು. ಪೆನ್ಸಿಲ್ಲಿನಲ್ಲಿ ಎಳೆದ ಹಾಗೆ. ಇದೆ ಅಂತ ಗೊತ್ತಿದ್ದವರಿಗೆ ಕಾಣುತ್ತದೆ. ಗೊತ್ತಿಲ್ಲದವರಿಗೂ ಸ್ವಲ್ಪ ಹೊತ್ತು ನಿಂತರೆ ಕಾಣುತ್ತದೆ.

ಶುಕ್ರವಾರ ಪೂಜೆ ಚೆನ್ನಾಗಿ ಆಯಿತು. ಹೊಸ್ತಿಲಿಗೆ ಅರಿಶಿನ ಹಚ್ಚಿ, ಮೇಲಿನ ಪಟ್ಟಿಗೆ ನವಧಾನ್ಯದ ಗಂಟು ಕಟ್ಟಿ, ನಾಲ್ಕು ಜನ ಚೌಕಟ್ಟನ್ನು ಎತ್ತಿ ನಿಲ್ಲಿಸಿದರು. ಫಕೀರೇಶ್ ಅದರ ಕೆಳಗೆ ಕೂತು, ತೂಗುಗುಂಡು ಬಿಟ್ಟು, ಮೊದಲು ಬಲ, ಆಮೇಲೆ ಎಡ ನೋಡಿದರು. ಅಜ್ಜಿ ಹಾಲು ತುಪ್ಪ ಬಿಟ್ಟರು. ಉಳಿಗೂ ಕೊಡತಿಗೂ ಕುಂಕುಮ ಇಟ್ಟು, ಬಡಿಗೇರರಿಗೆ ಪಂಚೆ, ಶಲ್ಯ, ತಾಂಬೂಲ ಕೊಟ್ಟರು. ಅಲ್ಲಿಯವರೆಗೂ ಎಲ್ಲ ಪುರೋಹಿತರು ಹೇಳಿದ ಹಾಗೆ ನಡೆಯಿತು.

ಆಮೇಲೆ ಅಜ್ಜಿ ಸಂಪತ್ ಅವರ ಮಾವನ ಕೈ ಹಿಡಿದು ಸೀದಾ ಎಡತೋಳಿನ ಹತ್ತಿರ ಕರೆದುಕೊಂಡು ಹೋದರು. ಸಂಪತ್ ತೋರಣದ ಮಾವಿನೆಲೆ ಸರಿಮಾಡುವವರಂತೆ ಬೇರೆ ಕಡೆ ನೋಡಿದರು.

"ಇಲ್ನೋಡಿ ಬೀಗ್ರೆ, ಇಲ್ಲಿ ತೇಪೆ ಐತೆ. ಯಾರೋ ಹೇಳಿ ಗೊತ್ತಾಗೋದ್ಕಿಂತ ನಾನೇ ಹೇಳ್ಬುಡ್ತೀನಿ. ನನ್ ಸೊಂಟ ಇದ್ದಂಗೈತೆ."

ಬೀಗರು ಗೆರೆಯ ಮೇಲೆ ಬೆರಳಾಡಿಸಿದರು. ಬೆಣೆಯ ಮೇಲೆ ಉಗುರಿನಿಂದ ತಟ್ಟಿದರು. "ಯಾಕೆ ಹಾಕ್ಸಿದ್ರಿ?" ಅಂತ ಕೇಳಿದರು. ಅಜ್ಜಿ ಇದ್ದದ್ದನ್ನು ಇದ್ದ ಹಾಗೆ ಹೇಳಿದರು. ಬೀಗರು ಫಕೀರೇಶ್ ಕಡೆ ತಿರುಗಿ, "ಅಲ್ರೀ, ನೀವು ಹೇಳ್ದಿದ್ರೆ ಯಾರಿಗೂ ತಿಳೀತಿರ್ಲಿಲ್ಲ" ಅಂದರು. ಹೊಗಳಿದ್ದೋ ಬೈದದ್ದೋ ನನಗೆ ತಿಳಿಯಲಿಲ್ಲ. ಫಕೀರೇಶ್ "ಹೌದ್ರಿ" ಅಂದರು ಅಷ್ಟೇ.

"ಬೇಸ್ಗೆ ಕಳೀಲಿ" ಅಂದರು ಬೀಗರು. "ಇದು ಹಿಂಗೇ ಇದ್ರೆ ನಮ್ ತೊಲೆಗಳೂ ನಿಮ್ಗೇ."

ಹೀಗೆ ಅವರ ಮುಂದಿನ ಕೆಲಸವೆಲ್ಲ ರಕ್ಷಾಳ ಹೆಗಲ ಎತ್ತರದಲ್ಲಿರುವ ಒಂದು ಗೆರೆಯ ಮೇಲೆ ನಿಂತಿದೆ. ಮಾರ್ಚ್ ಬಂದರೆ ಮರ ಇನ್ನಷ್ಟು ಒಣಗುತ್ತದೆ. ಒಳಗೆ ಎಲ್ಲಾದರೂ ಹಸಿ ಉಳಿದಿದ್ದರೆ ಗೆರೆ ಬಾಯಿ ಬಿಡುತ್ತದೆ. ಬಿಡದೆಯೂ ಇರಬಹುದು.

ಶೆಡ್ ಇದ್ದ ಸೈಟಿನವರೂ ಮನೆ ಕಟ್ಟಲು ಹೊರಟಿದ್ದಾರೆ. ಹಾಗಾಗಿ ಈ ಭಾನುವಾರ ಫಕೀರೇಶ್ ತಗಡು ಬಿಚ್ಚಿದರು, ಕೆಂಗೇರಿ ಆಚೆ ಜಾಗ ಸಿಕ್ಕಿದೆಯಂತೆ. ತಲೆಕೆಳಗಾದ ಆ ತೋಳನ್ನು ಅಜ್ಜಿ ಒಲೆಗೆ ಹಾಕಲು ಬಿಡಲಿಲ್ಲ. ಅದು ಮತ್ತೆ ಮೆಟ್ಟಿಲ ಕೆಳಗೆ ಬಂದು ಮಲಗಿದೆ, ಮುಂದೆ ಮಣೆ ಆಗಲಿ ಅಂತ. ರುದ್ರೇಶ ಸಾಮಾನೆಲ್ಲ ಟೆಂಪೋಗೆ ಏರಿಸಿ ಹಾರ್ನ್ ಹೊಡೆಯುತ್ತಿದ್ದಾಗ ಫಕೀರೇಶ್ ನಮ್ಮ ಮೆಟ್ಟಿಲು ಹತ್ತಿ ಬಂದರು. ಕೈಯಲ್ಲಿ ರಕ್ಷಾ ಶೆಡ್ಡಿನಲ್ಲಿ ಮರೆತಿದ್ದ ವಾಟರ್ ಬಾಟಲ್. ನೀರು ಕೊಟ್ಟೆ. ಕುಡಿದು, ಲೋಟವನ್ನು ಕೆಳಗಿಡದೆ ನಿಂತರು.

"ಅಕ್ಕಾರ, ನಿಮ್ಮಿಂದ ಒಂದು ಉಪಕಾರ ಆಗಬೇಕಿತ್ರಿ."

"ಹೇಳಿ."

"ದಿನಾ ಅವ್ವೀನ ಸಾಲಿಗೆ ಬಿಡಾಕ ಆ ಬಾಗಲದ ಮುಂದ ಹಾದು ಹೋಗ್ತೀರಲ್ಲ, ಒಂದು ಸಲ ಸಂದಿನ ಮ್ಯಾಲ ಬೆರಳಾಡಿಸಿ ಹೋಗ್ರಿ. ಯುಗಾದಿ ಮುಗಿದು ಮೊದಲ ಮಳಿ ಬೀಳೂತನಕ. ಕಣ್ಣಿಗಿಂತ ಮೊದಲ ಬೆರಳಿಗೆ ಗೊತ್ತಾಗ್ತದ. ಉಗುರು ಸಿಗಬಿದ್ರ ಸಾಕು, ನನಗ ಒಂದು ಫೋನ್ ಹಚ್ರಿ. ಯಾವ ಹೊತ್ತಿನಾಗ ಆದ್ರೂ ಬರ್ತೀನಿ, ಕೆಂಗೇರಿ ಏನು ದೂರ ಅಲ್ಲ. ಅಜ್ಜಿಗೆ ನಾನ ಹೇಳ್ತೀನಿ, ನೀವು ಹೇಳೂದು ಬ್ಯಾಡ." ಲೋಟ ಕೈಗೆ ಕೊಟ್ಟು, ಎರಡು ಮೆಟ್ಟಿಲು ಇಳಿದು, ತಿರುಗಿ ನೋಡಿದರು. "ನಿಮಗ ಪುರಸತ್ತು ಇಲ್ಲಂದ್ರ ಅವ್ವಿ ಕೈಲೆ ಮುಟ್ಟಸ್ರಿ. ಆಕಿಗೆ ಸರಿಯಾಗಿ ಎಟಕ್ತದ."